ತಾಯಿಯವರೊಡನೆ ಕಡಲ ಸೀಮೆಯಲ್ಲಿ

ಬೆನ್ನಿಗೆ ಚೀಲವನ್ನು ಏರಿಸಿಕೊಂಡು ಊರೂರು ತಿರುಗುವುದು ಎಳೆಯರ ವಿನೋದವೆಂದು ಲೋಕದಲ್ಲಿ ಒಂದು ಭಾವನೆಯುಂಟು. ವಯಸ್ಸಾದವರ ಸಂಚಾರಕ್ಕೆ ಯಾತ್ರೆಯೆಂಬ ಗೌರವದ ಹೆಸರನ್ನಿಟ್ಟು, ಕಾರು, ಮುಂಗಡವಾಗಿ ಗೊತ್ತುಮಾಡಿದ ಕೊಠಡಿ, ಕೈಹಿಡಿದು ನಡೆಸಲು ಸೊಸೆ, ಔಷಧದ ಪೆಟ್ಟಿಗೆ ಇವೆಲ್ಲವೂ ಒದಗಿದ ಹೊರತು ಅವರನ್ನು ಹೊಸಿಲು ದಾಟಿಸುವುದಿಲ್ಲ. ಇವೆಲ್ಲ ಒಟ್ಟಿಗೆ ಒದಗುವುದು ಅಪೂರ್ವವಾದುದರಿಂದ ಅನೇಕ ಮನೆಗಳಲ್ಲಿ ಹಿರಿಯರು ಹೊಸಿಲಿನ ಒಳಗೇ ಉಳಿಯುತ್ತಾರೆ. ೨೦೨೪ನೆಯ ಇಸವಿಯ ಮಾಘಮಾಸದಲ್ಲಿ ನಾವು ೮೨ ವರ್ಷದ ನಮ್ಮ ತಾಯಿಯವರೊಡನೆ ೧೧ ದಿನ, ಎರಡು ಹೆಗಲಚೀಲಗಳ ಹೊರತು ಬೇರೆ ಸಾಮಾನಿಲ್ಲದೆ, ಬಸ್ಸುಗಳಲ್ಲಿಯೇ ಕರಾವಳಿಯನ್ನು ಸುತ್ತಿ ಬಂದೆವು. ಹೊರಡುವ ಮುನ್ನ ಬೇಡವೆಂದವರೇ ಈಗ ಹೇಗೆ ಹೋದಿರಿ, ಎಲ್ಲಿ ಇಳಿದಿರಿ, ಏನು ತಿಂದಿರಿ ಎಂದು ವಿಚಾರಿಸತೊಡಗಿದ್ದಾರೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಲೇಸೆಂದು ತೋರಿತು.

ತಂದೆತಾಯಿಗಳನ್ನು ಹೊತ್ತು ನಡೆದವನೆಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವವನು ಶ್ರವಣಕುಮಾರ. ವಾಲ್ಮೀಕಿಗಳ ಅಯೋಧ್ಯಾಕಾಂಡದಲ್ಲಿ ದಶರಥನ ಬಾಣಕ್ಕೆ ಸಿಕ್ಕಿದ ಆ ಋಷಿಕುಮಾರನಿಗೆ ಶ್ರವಣನೆಂಬ ಹೆಸರೂ ಇಲ್ಲ, ಹೆಗಲ ಮೇಲೆ ಕಾವಡಿಯೂ ಇಲ್ಲ. ಕುರುಡರಾದ ಮುದಿ ತಂದೆತಾಯಿಗಳಿಗೆ ನೀರು ತರಲು ಸರಯೂ ನದಿಗೆ ಬಂದಿದ್ದನೆಂದಷ್ಟೇ ಅಲ್ಲಿರುವುದು. ಕಾವಡಿಯೂ ತೀರ್ಥಯಾತ್ರೆಯೂ ಜನರ ಬಾಯಲ್ಲಿ ಬೆಳೆದು ಬಂದವು. ಬೆಳೆಸಿದವರ ಮನಸ್ಸು ದೊಡ್ಡದೇ ಸರಿ. ಆದರೆ ಆ ಬುಟ್ಟಿಗಳಲ್ಲಿ ಕುಳಿತಿದ್ದವರಿಗೆ ಎಲ್ಲಿಗೆ ಹೋಗಬೇಕೆಂದು ಇಷ್ಟವಿತ್ತೆಂಬುದನ್ನು ಯಾವ ಕಥೆಗಾರನೂ ಹೇಳಿದ್ದನ್ನು ನಾವು ಕೇಳಿಲ್ಲ. ನಮ್ಮ ತಾಯಿಯವರ ವಿಷಯದಲ್ಲಿ ಅವರ ಇಷ್ಟವೇ ಮೊದಲನೆಯ ಮಾತಾಗಿತ್ತು.

ಸಖರಾಯಪಟ್ಟಣ ಕಡೂರಿಗೂ ಚಿಕ್ಕಮಗಳೂರಿಗೂ ನಡುವೆ ಇರುವ ಊರು. ಸಮೀಪದಲ್ಲಿ ಶಕುನಗಿರಿ, ಅದರ ಬುಡದಲ್ಲಿ ರುಕ್ಮಾಂಗದರಾಯ ಕಟ್ಟಿಸಿದನೆಂದು ಹೇಳುವ ಅಯ್ಯನಕೆರೆ. ಬಾಬಾಬುಡನ್ ಗಿರಿಗಳಿಂದ ಇಳಿದು ಬರುವ ನೀರು ಕೆರೆಯನ್ನು ತುಂಬಿ, ವೇದಾ ಎಂಬ ಹೊಳೆಯಾಗಿ ಹೊರಟು, ಅವತಿಯನ್ನು ಕೂಡಿ ವೇದಾವತಿಯಾಗಿ, ಹಿರಿಯೂರಿನ ಬಳಿ ವಾಣೀವಿಲಾಸ ಸಾಗರದಲ್ಲಿ ತಂಗಿ, ಮುಂದೆ ತುಂಗಭದ್ರೆಯನ್ನೂ ಕೃಷ್ಣೆಯನ್ನೂ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಣ ಕಡಲಾದರೋ ಹಕ್ಕಿಯ ದಾರಿಯಲ್ಲಿ ನಮ್ಮೂರಿಗೆ ಸುಮಾರು ೧೩೦ ಕಿಲೋಮೀಟರು. ಹತ್ತಿರದ ಕಡಲಿಗೆ ಬೆನ್ನುಮಾಡಿ ದೂರದ ಕಡಲಿಗೆ ನೀರು ಕಳುಹಿಸುವ ಈ ಊರಿಗೆ ಮದುವೆಯಾಗಿ ಬಂದ ನಮ್ಮ ತಾಯಿಯವರು ಶೃಂಗೇರಿಯನ್ನು ಕಂಡಿದ್ದರು, ಒಮ್ಮೆ ತಿರುಪತಿಗೂ ಹೋಗಿದ್ದರು. ಎರಡು ಕಡಲುಗಳಲ್ಲಿ ಒಂದನ್ನೂ ಕಂಡಿರಲಿಲ್ಲ. ನಮ್ಮ ತಂದೆಯವರು ಕಡಲಿನ ಪ್ರಸ್ತಾಪ ಬಂದಾಗಲೆಲ್ಲ "ಬರುವ ವರ್ಷ ನೋಡೋಣ" ಎನ್ನುತ್ತಿದ್ದರು. ಒಂದು ವರ್ಷ ಕೆರೆ ತುಂಬಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಮತ್ತೊಂದು ವರ್ಷ ಕೆರೆ ಕೋಡಿ ಹರಿಯಿತು, ಗದ್ದೆಯನ್ನು ಬಿಟ್ಟು ಹೋಗುವಂತಿರಲಿಲ್ಲ. ಬಳಿಕ ನಮ್ಮ ತಂಗಿಯರ ಮದುವೆ, ಬಾಣಂತನ. ತಂದೆಯವರು ತೀರಿಕೊಂಡ ಮೇಲೆ ತಾಯಿಯವರು ಆ ಮಾತನ್ನೇ ಎತ್ತಲಿಲ್ಲ.

ಎತ್ತಿದ್ದು ಕಣ್ಣಿನ ವೈದ್ಯರಲ್ಲಿಗೆ ಹೋಗಿ ಬಂದ ದಿನ. ಕಣ್ಣಿನ ಹಿಂಬದಿಯ ಪಟಲದ ನಡುಭಾಗ ವಯೋಧರ್ಮದಿಂದ ಸವೆಯುವ ವ್ಯಾಧಿಯೊಂದುಂಟು. ಅದು ಬಂದವರಿಗೆ ನೋಟದ ಮಧ್ಯ ಮಸುಕಾಗಿ, ಅಂಚು ಮಾತ್ರ ಉಳಿಯುತ್ತದೆ. ಎದುರಿಗೆ ನಿಂತವರ ಮುಖ ಕಾಣದು. ಪಕ್ಕದಲ್ಲಿ ಸರಿದುಹೋದ ಬೆಕ್ಕು ಕಾಣುತ್ತದೆ. ಪೊರೆಯಂತೆ ಶಸ್ತ್ರಚಿಕಿತ್ಸೆಯಿಂದ ತೆಗೆಯತಕ್ಕದ್ದಲ್ಲ. ಹೋದ ದೃಷ್ಟಿಯನ್ನು ಮರಳಿ ತರುವಂತಿಲ್ಲವೆಂದೂ ಇರುವುದನ್ನು ಜೋಪಾನ ಮಾಡಬೇಕೆಂದೂ ವೈದ್ಯರು ಹೇಳಿದರು. ತಾಯಿಯವರು ಮನೆಗೆ ಬಂದು ಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಅಡುಗೆಮನೆಯ ಬಾಗಿಲಲ್ಲಿ ಕುಳಿತು, "ಏನೋ, ಇರೋ ಕಣ್ಣಿನಲ್ಲಿ ಸಮುದ್ರ ನೋಡಿಬಿಡಬೇಕು. ದೇವಸ್ಥಾನ ಬೇಡ. ದೇವರು ಇಲ್ಲೇ ಇದ್ದಾನೆ" ಎಂದರು.

ಸಹೋದರರೂ ಸೊಸೆಯಂದಿರೂ ಕೂಡಲೆ ಸಭೆ ಸೇರಿದರು. ಬೇಸಗೆಯ ರಜೆ ಬರಲಿ, ಎರಡು ಕಾರುಗಳಲ್ಲಿ ಎಲ್ಲರೂ ಹೋಗೋಣವೆಂದು ನಿಶ್ಚಯವಾಯಿತು. ಮೇ ತಿಂಗಳ ಕರಾವಳಿಯ ಸೆಕೆಯನ್ನು ಬಲ್ಲ ನಮಗೆ ಅದು ಒಪ್ಪಿಗೆಯಾಗಲಿಲ್ಲ. ತಾಯಿಯವರಿಗಂತೂ ಆಗಲೇ ಇಲ್ಲ. "ಉಪ್ಪಿನಕಾಯಿ ಜಾಡಿ ಹಾಗೆ ನನ್ನನ್ನು ಹಿಂದೆ ಇಟ್ಟುಕೊಂಡು ಹೋಗುತ್ತೀರಿ. ನಿಲ್ಲಿಸು ಎಂದ ಕಡೆ ನಿಲ್ಲಿಸುವುದಿಲ್ಲ" ಎಂಬುದು ಅವರ ಆಕ್ಷೇಪಣೆ. ಮೈಸೂರಿನ ಒಬ್ಬರು ೨೦೧೮ರಲ್ಲಿ ಕೆಲಸವನ್ನು ಬಿಟ್ಟು, ತಂದೆ ಕೊಟ್ಟಿದ್ದ ಹಳೆಯ ಸ್ಕೂಟರಿನ ಮೇಲೆ ತಾಯಿಯನ್ನು ಕೂರಿಸಿಕೊಂಡು ದೇಶವನ್ನೆಲ್ಲ ಸುತ್ತಿಸಲು ಹೊರಟ ಸಂಗತಿಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಹತ್ತಿರದ ಬೇಲೂರು ಹಳೇಬೀಡುಗಳನ್ನೂ ತಾನು ಕಂಡಿಲ್ಲವೆಂದು ಆ ತಾಯಿ ಹೇಳಿದ್ದೇ ಅದಕ್ಕೆ ಕಾರಣವಂತೆ. ಅವರು ನೇಪಾಳ, ಭೂತಾನಗಳನ್ನೂ ಕಂಡು ಬಂದರು. ಆ ವರ್ತಮಾನವನ್ನು ನಮ್ಮ ತಾಯಿಯವರಿಗೆ ನಾವೇ ಓದಿ ಹೇಳಿದ್ದೆವು. ಅದನ್ನು ಅವರು ಈಗ ಹೊರತೆಗೆದರು. ಸ್ಕೂಟರು ನಮಗೆ ಬಾರದು. ಬಸ್ಸು ಹತ್ತಲು ಬರುತ್ತದೆ. ನಿವೃತ್ತರಾಗಿದ್ದುದರಿಂದ ರಜೆ ಕೇಳಬೇಕಾದ ಮೇಲಧಿಕಾರಿಯೂ ಇರಲಿಲ್ಲ.

ಚೀಲದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು; ಏಕೆಂದರೆ ಸಂಚಾರದ ಸುಖದುಃಖಗಳಲ್ಲಿ ಅರ್ಧ ಅದರಲ್ಲಿಯೇ ಇದೆ. ನಮ್ಮದು ಆರು ಕಿಲೋಗ್ರಾಮಿಗೆ ಮೀರದಂತೆ ತೂಗಿ ಕಟ್ಟಿದ್ದು. ತಾಯಿಯವರದು ಮೊಮ್ಮಗ ಬಿಟ್ಟಿದ್ದ ಹಳೆಯ ಶಾಲೆಯ ಚೀಲ. ಎರಡು ಕಿಲೋಗ್ರಾಮಿಗೂ ಕಡಮೆ. ಅದನ್ನೂ ನಾವೇ ಹೊರುತ್ತೇವೆಂದರೆ ಕೊಡಲಿಲ್ಲ. ಅದರಲ್ಲಿ ಎರಡು ಸೀರೆ, ಒಂದು ಹೊದಿಕೆ, ಹಿತ್ತಾಳೆಯ ಚಿಕ್ಕ ಲೋಟ, ಹುರಿಹಿಟ್ಟು, ಅವಲಕ್ಕಿ, ಬೆಲ್ಲದ ಚೂರು. ಮಾತ್ರೆಗಳ ಹೆಸರನ್ನು ಓದಲಾಗದ ಕಾರಣ ಅವರು ತಮ್ಮದೇ ಆದ ಕ್ರಮವನ್ನು ಮಾಡಿಕೊಂಡಿದ್ದರು: ಬೆಳಗಿನವು ಕುಂಕುಮದ ಹಳೆಯ ದುಂಡು ಭರಣಿಯಲ್ಲಿ, ರಾತ್ರಿಯವು ಬಟ್ಟೆಯ ಗಂಟಿನಲ್ಲಿ. ಕೈಮುಟ್ಟಿಯೇ ತಿಳಿಯಬೇಕು. ೧೧ ದಿನಗಳಲ್ಲಿ ಒಂದು ಮಾತ್ರೆಯೂ ತಪ್ಪಲಿಲ್ಲ. ಕೊರಳಿಗೆ ಕಟ್ಟಿಕೊಳ್ಳುವ ಚೀಟಿಯೊಂದರಲ್ಲಿ ನಾವು ಅವರ ಹೆಸರನ್ನೂ ನಮ್ಮ ದೂರವಾಣಿಯ ಸಂಖ್ಯೆಯನ್ನೂ ಬರೆದೆವು. "ನಿನಗೆ ಚೀಟಿ ಎಲ್ಲಿ? ನೀನು ಕಳೆದುಹೋದರೆ?" ಎಂದು ಕೇಳಿ, ನಮಗೂ ಒಂದನ್ನು ಬರೆಯಿಸಿದರು.

೨೦೨೩ರ ಜೂನ್ ೧೧ರಿಂದ ಕರ್ನಾಟಕದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ದರವಿಲ್ಲ. ಆಧಾರ್ ಚೀಟಿಯನ್ನು ತೋರಿಸಿದರೆ ನಿರ್ವಾಹಕನು ಸೊನ್ನೆಯ ಟಿಕೆಟ್ಟನ್ನು ಕೊಡುತ್ತಾನೆ. ಅರವತ್ತು ತುಂಬಿದ ನಮಗೆ ಕಾಲುಭಾಗ ರಿಯಾಯಿತಿ. ಸೊನ್ನೆಗೆ ನಮ್ಮ ಹಳೆಯ ಲೆಕ್ಕದಲ್ಲಿ ಪೂಜ್ಯವೆಂದು ಹೆಸರು. ಹೀಗಾಗಿ ತಾಯಿ ಪೂಜ್ಯ, ಮಗ ಮುಕ್ಕಾಲು ಎಂದು ನಾವು ಹೇಳಿದಾಗ ಚಿಕ್ಕಮಗಳೂರಿನವರೆಗೂ ನಕ್ಕರು. ಈ ಯೋಜನೆಯಿಂದ ಬಸ್ಸುಗಳಲ್ಲಿ ಹೆಂಗಸರ ನೂಕುನುಗ್ಗಲು ಹೆಚ್ಚಿತೆಂದೂ, ಕೆಲಸವಿಲ್ಲದೆ ಊರು ಸುತ್ತುತ್ತಾರೆಂದೂ ಆಡಿಕೊಳ್ಳುವ ಗಂಡಸರನ್ನು ಬಹಳ ಕಂಡಿದ್ದೇವೆ. ಖಜಾನೆಯ ಲೆಕ್ಕವನ್ನು ಬಲ್ಲವರು ಬೇಕಾದ್ದು ಹೇಳಲಿ. ಕೆಲಸವಿಲ್ಲದೆ ಊರು ಸುತ್ತುವ ಭಾಗ್ಯ ಐವತ್ತು ವರ್ಷ ಒಲೆಯ ಮುಂದೆ ಕುಳಿತವರಿಗೆ ಒಂದಿಷ್ಟು ಬಂದರೆ ನಮಗೇನೂ ವ್ಯಸನವಿಲ್ಲ. ಅಂದು ನಮ್ಮ ಬಸ್ಸಿನಲ್ಲಿ ಮೂವರು ಮುದುಕಿಯರಿದ್ದರು. ಮೂಡಿಗೆರೆ ಬರುವಷ್ಟರಲ್ಲಿ ನಾಲ್ವರೂ ಮಂಡಿನೋವಿನ ವಿಷಯದಲ್ಲಿ ಏಕಾಭಿಪ್ರಾಯಕ್ಕೆ ಬಂದಿದ್ದರು.

ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಿತು. ಮನೆಯಲ್ಲಿ ಹೊರಗಿನ ನೀರನ್ನೂ ಮುಟ್ಟದ ತಾಯಿಯವರು ಅಂಗಡಿಯ ಬೆಂಚಿನ ಮೇಲೆ ಕುಳಿತು ಕಾಫಿ ತರಹೇಳಿದಾಗ ನಾವು ಸುಮ್ಮನೆ ಅವರ ಮುಖವನ್ನು ನೋಡಿದೆವು. "ಮಡಿ ಮನೆಗೆ. ದಾರಿಗೆ ದಾರಿಯದೇ ಬೇರೆ" ಎಂದರು. ಶಾಸ್ತ್ರದಲ್ಲಿ ಆಪದ್ಧರ್ಮವೆಂದು ಒಂದು ಪ್ರಕರಣವಿರುವುದೇನೋ ನಿಜ. ಆದರೆ ಅಲ್ಲಿ ಆಪತ್ತು ಯಾವುದೂ ಇರಲಿಲ್ಲ, ಕಾಫಿ ಚೆನ್ನಾಗಿತ್ತು ಅಷ್ಟೆ.

ಅಲ್ಲಿಂದ ಮುಂದೆ ಚಾರ್ಮಾಡಿ ಘಾಟಿ. ೨೦೧೯ರ ಮಳೆಗಾಲದಲ್ಲಿ ಗುಡ್ಡಗಳು ಕುಸಿದು ಇಲ್ಲಿ ವಾಹನಸಂಚಾರವೇ ನಿಂತುಹೋಗಿತ್ತು. ತಿರುವು ತಿರುವಿಗೂ ಗಾಳಿ ಬಿಸಿಯಾಗುತ್ತ, ಉಜಿರೆಯನ್ನು ಮುಟ್ಟುವಾಗ ಮೈಯೆಲ್ಲ ಅಂಟು. ಬಯಲುಸೀಮೆಯವರು ಇದನ್ನು ತಿಳಿದಿರಬೇಕು: ನಮ್ಮ ಕಡೆಯ ಬಿಸಿಲಿನಲ್ಲಿ ಬೆವರು ಒಡನೆ ಆರಿ ಮೈಯನ್ನು ತಂಪುಮಾಡುತ್ತದೆ, ಕರಾವಳಿಯ ಗಾಳಿಯಲ್ಲಿ ನೀರಿನ ಅಂಶ ಮೊದಲೇ ತುಂಬಿರುವುದರಿಂದ ಬೆವರು ಆರದು, ಮೈಯ ಕಾವು ಇಳಿಯದು. ವೃದ್ಧರಿಗೆ ಬಾಯಾರಿಕೆಯ ಅರಿವೂ ಮಂದ. ಆದುದರಿಂದ ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ನೆರಳು ಬಿಟ್ಟು ಕದಲಬಾರದೆಂದೂ, ಬಾಯಾರಲಿ ಬಿಡಲಿ ಗಂಟೆಗೊಮ್ಮೆ ನೀರೋ ಎಳನೀರೋ ಕುಡಿಯಬೇಕೆಂದೂ ಕಟ್ಟುಮಾಡಿಕೊಂಡೆವು. ಕುಚ್ಚಲಕ್ಕಿಯ ಗಂಜಿ ತಾಯಿಯವರಿಗೆ ಹಿಡಿಸಿತು. ರಾಗಿಗೆ ದೂರದ ನೆಂಟನೆಂದು ಅದನ್ನು ಕರೆದರು.

ಧರ್ಮಸ್ಥಳದಲ್ಲಿ ಒಂದು ರಾತ್ರಿ, ಉಡುಪಿಯಲ್ಲಿ ಎರಡು. ದೇವಸ್ಥಾನ ಬೇಡವೆಂದವರು ಎರಡು ಕಡೆಯೂ ದರ್ಶನವನ್ನೂ ಮಾಡಿದರು, ಊಟವನ್ನೂ ಮಾಡಿದರು. ಉಡುಪಿಯ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು. ಅವುಗಳಲ್ಲಿ ಸೊನ್ನೆಯ ಟಿಕೆಟ್ಟು ನಡೆಯುವುದಿಲ್ಲ. ತಾಯಿಯವರು ಸೆರಗಿನ ಗಂಟನ್ನು ಬಿಚ್ಚಿ ತಮ್ಮ ದುಡ್ಡನ್ನೇ ಕೊಟ್ಟರು. ನಮ್ಮದಕ್ಕೂ ಅವರೇ ಕೊಟ್ಟರು.

ಮಲ್ಪೆಯನ್ನು ತಲಪಿದಾಗ ಸಂಜೆ ಐದು ಗಂಟೆ. ಅಮರಕೋಶದಲ್ಲಿ ಸಮುದ್ರಕ್ಕೆ ಹದಿನೈದು ಹೆಸರುಗಳಿವೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿದವರು ನಾವು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕದಿಂದ ರಾಮನು ಸೀತೆಗೆ ಕಡಲನ್ನು ತೋರಿಸುವ ಸಂದರ್ಭವನ್ನೂ ಪ್ರತಿ ವರ್ಷ ಪಾಠ ಹೇಳಿದವರು. ತಾಯಿಯವರಿಗೆ ಏನಾದರೂ ವರ್ಣಿಸಿ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆವು. ಮರಳಿನ ಮೇಲೆ ಹತ್ತು ಹೆಜ್ಜೆ ಇಟ್ಟ ಅವರು ನಿಂತರು. ನೇರವಾಗಿ ನೋಡಿದರು. ಏನೂ ಹೇಳಲಿಲ್ಲ. ಎದುರಿಗೆ ಅವರಿಗೆ ಕಂಡದ್ದು ಬೂದಿಯ ಬಣ್ಣದ ಒಂದು ಮಬ್ಬು ಮಾತ್ರವೆಂಬುದು ನಮಗೆ ಗೊತ್ತಾಯಿತು. ಇಷ್ಟು ದೂರ ಬಂದದ್ದು ಇದಕ್ಕೋ ಎಂಬ ಸಂಕಟದಿಂದ ನಾವು ಬಾಯಿ ತೆರೆಯುವಷ್ಟರಲ್ಲಿ ಅವರು ನಿಧಾನವಾಗಿ ಮುಖವನ್ನು ಬಲಕ್ಕೆ, ದೋಣಿಗಳು ನಿಂತಿದ್ದ ಕಡೆಗೆ, ತಿರುಗಿಸಿದರು. ಕೋಳಿ ಕಾಳನ್ನು ನೋಡುವಂತೆ ಓರೆಗಣ್ಣಿನಲ್ಲಿ ಕಡಲನ್ನು ನೋಡಿದರು. "ಹಾಂ, ಈಗ ಬಂತು. ಅಲ್ಲಾಡುತ್ತಿದೆ" ಎಂದರು.

ಹಾಗೆಯೇ ಓರೆಯಾಗಿ ನಿಂತು ಬಹಳ ಹೊತ್ತು ನೋಡಿದರು. ಬಲಗಣ್ಣಿಗೆ ದಣಿವಾದರೆ ಎಡಕ್ಕೆ ತಿರುಗುವರು. ನೋಡಿದವರು ಈ ಅಜ್ಜಿ ಕಡಲಿನ ಮೇಲೆ ಮುನಿಸಿಕೊಂಡಿದ್ದಾಳೆಂದು ತಿಳಿದಿರಬೇಕು. ನಾವು ಮಾಡಿದ್ದು ಎರಡೇ ಕೆಲಸ: ತೋಳನ್ನು ಹಿಡಿದುಕೊಂಡದ್ದು ಮತ್ತು ದೋಣಿಗಳ ಬಣ್ಣವನ್ನು ಕೇಳಿದಾಗ ಹೇಳಿದ್ದು. ಮಂಡಿಯವರೆಗೆ ನೀರಿಗಿಳಿದು ಬೊಗಸೆಯಲ್ಲಿ ಒಂದಿಷ್ಟು ಎತ್ತಿ ನಾಲಗೆಗೆ ಮುಟ್ಟಿಸಿಕೊಂಡು, "ಉಪ್ಪಿನಕಾಯಿಗೆ ಸಾಲದು" ಎಂದರು. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು ೩೫ ಗ್ರಾಂ ಉಪ್ಪು; ಮಾವಿನಕಾಯಿ ಅದರಲ್ಲಿ ಕೆಟ್ಟುಹೋಗುತ್ತದೆಂಬುದು ಸರಿಯೇ. ಹದಿನೈದು ಹೆಸರುಗಳನ್ನು ಆಮೇಲೆ, ಮರಳಿನ ಮೇಲೆ ಕುಳಿತಾಗ, ಹೇಳಿದೆವು. ಎಲ್ಲವನ್ನೂ ಕೇಳಿ, "ಇಷ್ಟು ಹೆಸರಿಟ್ಟವನು ಬಂದು ನೋಡಿದ್ದನೇ?" ಎಂದರು. ಕತ್ತಲಾಗುವಾಗ, ತಾವಾಗಿಯೇ, "ಅವರು ಬಂದಿದ್ದರೆ ಶಬ್ದ ಜಾಸ್ತಿ ಎನ್ನುತ್ತಿದ್ದರು" ಎಂದರು. ತಂದೆಯವರ ವಿಷಯ ಆ ಪ್ರಯಾಣದಲ್ಲಿ ಬಂದದ್ದು ಅದೊಂದೇ ಸಲ.

ಎಲ್ಲವೂ ಹೀಗೆ ಸುಸೂತ್ರವಾಗಿತ್ತೆಂದು ವಾಚಕರು ತಿಳಿಯಬಾರದು. ಒಂದು ಪಟ್ಟಣದಲ್ಲಿ ವಸತಿಗೃಹದವನು ತಾಯಿಯವರನ್ನು ನೋಡಿ ಕೊಠಡಿಯಿಲ್ಲವೆಂದ. ಗೋಡೆಯ ಮೇಲೆ ಏಳು ಬೀಗದ ಕೈಗಳು ತೂಗಾಡುತ್ತಿದ್ದವು. ಒತ್ತಿ ಕೇಳಿದ್ದಕ್ಕೆ, ಇಷ್ಟು ವಯಸ್ಸಾದವರಿಗೆ ರಾತ್ರಿ ಏನಾದರೂ ಆದರೆ ತನಗೆ ತೊಂದರೆಯೆಂದು ಬಾಯಿಬಿಟ್ಟ. ನಮಗೆ ಬಂದ ಕೋಪಕ್ಕೆ ಸಂಸ್ಕೃತದಲ್ಲಿಯೂ ಮಾತು ಸಿಕ್ಕಲಿಲ್ಲ. ತಾಯಿಯವರು ಮೇಜಿನ ಮೇಲೆ ಕೈಯೂರಿ, "ಒಂದು ರಾತ್ರಿಗೆ ಸಾಯುವುದಿಲ್ಲಪ್ಪ. ನಾನಿನ್ನೂ ಗೋಕರ್ಣ ನೋಡಬೇಕು" ಎಂದರು. ಕೊಠಡಿ ಸಿಕ್ಕಿತು. ಆ ರಾತ್ರಿ ನಾವು ನಿದ್ರೆ ಮಾಡಲಿಲ್ಲ. ಅವರ ಉಸಿರನ್ನು ಎಣಿಸುತ್ತಿದ್ದೆವು. ಬೆಳಗ್ಗೆ ಎದ್ದು ಅವರು, ನೀನು ರಾತ್ರಿಯೆಲ್ಲ ಹೊರಳಾಡಿದೆ, ನಿನ್ನ ಪಿತ್ತಕ್ಕೆ ಜೀರಿಗೆಯ ಕಷಾಯ ಬೇಕೆಂದು ನಮಗೇ ವೈದ್ಯ ಹೇಳಿದರು. ಬಸ್ಸು ನಿಲ್ದಾಣಗಳ ಶೌಚಾಲಯಗಳು ಮತ್ತೊಂದು ಕಷ್ಟ. ಕೈಹಿಡಿಯಲು ಕಂಬಿಯಿಲ್ಲದ, ಸದಾ ಒದ್ದೆಯಾದ ಮೆಟ್ಟಿಲುಗಳು. ಮಗನಾದವನು ಹೊರಗೆ ನಿಂತು ಒಳಗಿನ ಸದ್ದಿಗೆ ಕಿವಿಗೊಡಬೇಕು. ಪ್ರತಿಯೊಂದು ಕಡೆಯೂ ಅಪರಿಚಿತಳಾದ ಒಬ್ಬ ಹೆಂಗಸು ತಾನಾಗಿಯೇ ಅವರ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಅವರಲ್ಲಿ ಒಬ್ಬಳು ಮೀನು ಮಾರುವವಳು, ಒಬ್ಬಳು ಬುರ್ಖಾ ಧರಿಸಿದ ಕಾಲೇಜಿನ ಹುಡುಗಿ.

ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಬಸ್ಸಿನಲ್ಲಿ ನೇರವಾಗಿ ಮುಂದಕ್ಕೆ ಮುಖಮಾಡಿ ಕುಳಿತ ತಾಯಿಯವರಿಗೆ ಎರಡೂ ಅಂಚುಗಳಲ್ಲಿ ನೀರು ಕಂಡಿತು. ಕಣ್ಣು ಸರಿಯಿರುವವರಿಗೆ ಇಷ್ಟು ಚೆನ್ನಾಗಿ ಕಾಣುವುದೋ ಇಲ್ಲವೋ. ಮುರುಡೇಶ್ವರದ ೧೨೩ ಅಡಿಯ ಶಿವನನ್ನು ನಾವು ಅಷ್ಟಾಗಿ ಮೆಚ್ಚಿದವರಲ್ಲ, ಅವರು ಮೆಚ್ಚಿದರು. "ದೊಡ್ಡದಾಗಿದ್ದರೆ ನನ್ನಂಥವರಿಗೆ ಅನುಕೂಲ" ಎಂಬ ಮಾತಿಗೆ ಶಿಲ್ಪಶಾಸ್ತ್ರದಲ್ಲಿ ಉತ್ತರವಿಲ್ಲ.

ಗೋಕರ್ಣದಲ್ಲಿ ಮೂರು ದಿನ ಇದ್ದೆವು. ಮಹಾಬಲೇಶ್ವರನ ದರ್ಶನಕ್ಕೆ ಬರುವವರೂ, ಓಂ ಕಡಲತೀರದ ಮರಳಿಗಾಗಿ ಬರುವ ಪರದೇಶದವರೂ ಒಂದೇ ಇಕ್ಕಟ್ಟಾದ ಬೀದಿಯಲ್ಲಿ ಒಬ್ಬರನ್ನೊಬ್ಬರು ತಾಗಿಕೊಂಡು ನಡೆಯುತ್ತಾರೆ. ಕೋಟಿತೀರ್ಥದ ಮೆಟ್ಟಿಲಿನ ಮೇಲೆ ನಮ್ಮ ಪಕ್ಕದಲ್ಲಿ ಒಬ್ಬ ಬಿಳಿಯ ಮುದುಕರೂ ಮೂವತ್ತರ ಪ್ರಾಯದ ತರುಣಿಯೂ ಬೆನ್ನ ಚೀಲಗಳನ್ನು ಇಳಿಸಿ ಕುಳಿತರು. ಇಂಗ್ಲೆಂಡಿನವರು, ತಂದೆ, ಮಗಳು. ಹಿಂದಿನ ವರ್ಷ ಹೀಗೆಯೇ ಬೆಲೀಜ್ ದೇಶವನ್ನು ಸುತ್ತಿದ್ದರಂತೆ. ಮೆಕ್ಸಿಕೋ ಗ್ವಾಟೆಮಾಲಗಳ ಪಕ್ಕದಲ್ಲಿ, ಕೆರೀಬಿಯನ್ ಕಡಲಿನ ಅಂಚಿಗೆ ಇರುವ ಆ ಚಿಕ್ಕ ನಾಡು ಹಿಂದೆ ಬ್ರಿಟಿಷ್ ಹೊಂಡುರಾಸ್ ಎನಿಸಿಕೊಂಡು, ೧೯೮೧ರಲ್ಲಿ ಸ್ವತಂತ್ರವಾಯಿತು. ಅಮೆರಿಕದಲ್ಲಿ ಮಕ್ಕಳನ್ನು ಶಾಲೆಗೆ ಒಯ್ದು ಹಳತಾದ ಹಳದಿ ಬಸ್ಸುಗಳೇ ಅಲ್ಲಿ ಜನರನ್ನು ಹೊರುತ್ತವೆ. ಶಾಲೆಯವರಾದ ನಮಗೆ ಅದು ರುಚಿಸಿತು: ನಿವೃತ್ತಿಯ ಬಳಿಕವೂ ಕೆಲಸವುಂಟು. ಅಲ್ಲಿ ಏನು ಬೆಳೆಯುತ್ತಾರೆಂದು ತಾಯಿಯವರು ಕೇಳಿಸಿದರು. ತೆಂಗು, ಬಾಳೆ, ಮಾವು, ಗೇರು, ಪರಂಗಿ, ಅನಾನಸು ಎಂದು ಮಗಳು ಹೇಳಿದಳು. "ಹಾಗಾದರೆ ಇಲ್ಲಿಗೇ ಬಂದ ಹಾಗಾಯಿತು" ಎಂದರು.

ಅವರ ಮಾತು ಒಂದು ರೀತಿಯಲ್ಲಿ ಚರಿತ್ರೆಗೂ ಒಪ್ಪುವಂಥದು. ಕರಿಮೆಣಸಿನ ನಾಡಾದ ನಮ್ಮ ಸೀಮೆಯನ್ನು ಅರಸಿ ಹೊರಟ ಕೊಲಂಬಸನು ೧೪೯೨ರಲ್ಲಿ ಮುಟ್ಟಿದ್ದು ಆ ಕಡಲಿನ ದ್ವೀಪಗಳನ್ನು. ಬಳಿಕ ಪೋರ್ಚುಗೀಸರ ಹಡಗುಗಳಲ್ಲಿ ಆ ಖಂಡದ ಗೇರು, ಅನಾನಸು, ಪರಂಗಿ, ಮೆಣಸಿನಕಾಯಿಗಳು ನಮ್ಮ ಪಡುವ ಕರೆಗೆ ಇಳಿದವು. ಪರಂಗಿಯವರ ಗುರುತು ಹಣ್ಣಿನ ಹೆಸರಿನಲ್ಲಿಯೇ ಉಳಿಯಿತು. ಮೆಣಸಿನಕಾಯಿ ನಮ್ಮ ಮೆಣಸಿನ ಹೆಸರನ್ನೇ ಕಸಿದುಕೊಂಡಿತು. ಮಾವೂ ಬಾಳೆಯೂ ಈ ಕಡೆಯ ಖಂಡದಿಂದ ಅಲ್ಲಿಗೆ ಹೋದವು. ಇದನ್ನೆಲ್ಲ ನಾವು ಹೇಳುತ್ತಿರುವಾಗ ತಾಯಿಯವರಿಗೆ ಬೇರೆ ಕುತೂಹಲವಿತ್ತು. "ಮಗಳ ಜೊತೆಗೆ ತಿರುಗುವುದು ಹೇಗಿದೆ ಎಂದು ಆ ಯಜಮಾನರನ್ನು ಕೇಳು" ಎಂದರು. ಕೇಳಿದೆವು. ಮೊದಲ ವಾರ ಬರೀ ಜಗಳವೆಂದೂ, ಮೂರನೆಯ ವಾರದಿಂದ ಸ್ನೇಹವಾಯಿತೆಂದೂ ಆತ ಹೇಳಿದರು. "ನಮಗೆ ಹನ್ನೊಂದೇ ದಿನ. ಜಗಳಕ್ಕೆ ಹೊತ್ತೆಲ್ಲಿ?" ಎಂದು ತಾಯಿಯವರು ಬೆಲ್ಲದ ಚೂರನ್ನು ಇಬ್ಬರಿಗೂ ಕೊಟ್ಟರು.

ಹಿಂದಿರುಗುವಾಗ ಹೊನ್ನಾವರದಿಂದ ಗೇರುಸೊಪ್ಪೆಯ ಘಾಟಿಯನ್ನು ಹತ್ತಿ, ಸಾಗರ ಶಿವಮೊಗ್ಗಗಳ ಮೇಲೆ ಕಡೂರಿಗೆ ಬಂದೆವು. ಚೀಲದಲ್ಲಿ ಒಂದು ಪುಟ್ಟ ಸೀಸೆಯ ತುಂಬ ಕಡಲಿನ ನೀರಿತ್ತು. ಅದು ಪೂಜೆಗೆಂದು ನಾವು ಭಾವಿಸಿದ್ದೆವು. ಮನೆಗೆ ಬಂದ ಮರುದಿನ ನೆರೆಯ ಹೆಂಗಸರನ್ನೆಲ್ಲ ಕರೆದು, ಒಬ್ಬೊಬ್ಬರ ಅಂಗೈಗೂ ಒಂದು ಹನಿ ಹಾಕಿ, ನೆಕ್ಕಿ ನೋಡಿ ಎಂದರು. ಅವರಲ್ಲಿ ಐದು ಮಂದಿ ಕಡಲನ್ನು ಕಂಡವರಲ್ಲ.

ಇದೆಲ್ಲ ನಡೆದ ಮೇಲೆ ತಾಯಿಯವರ ದೃಷ್ಟಿ ಇನ್ನಷ್ಟು ಇಳಿದಿದೆ. ಅಂಚುಗಳೂ ಈಗ ಮೊದಲಿನಂತಿಲ್ಲ; ನಮ್ಮನ್ನು ಹೆಜ್ಜೆಯ ಸದ್ದಿನಿಂದ ಗುರುತಿಸುತ್ತಾರೆ. ಮೊಮ್ಮಗನ ಚೀಲ ಮಾತ್ರ ಗೂಟದಿಂದ ಇಳಿದಿಲ್ಲ. ಅದರಲ್ಲಿ ಹುರಿಹಿಟ್ಟನ್ನು ಆಗಾಗ ಹೊಸದಾಗಿ ತುಂಬಿಸುತ್ತಾರೆ. ಮೊನ್ನೆ ಅಯ್ಯನಕೆರೆ ತುಂಬಿದ ಸುದ್ದಿ ಬಂದಾಗ, ಈ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆಂದು ಕೇಳಿದರು. ಆಂಧ್ರದ ಹಂಸಲದೀವಿಯೆಂಬಲ್ಲಿ ಕೃಷ್ಣೆ ಕಡಲನ್ನು ಸೇರುತ್ತಾಳೆಂದು ಹೇಳಿದೆವು. ಆ ಕಡಲಿನ ಸದ್ದೂ ಇದೇ ಥರವೋ, ಬೇರೆಯೋ ಎಂದರು. ನಮಗೆ ತಿಳಿಯದು. ಸಹೋದರರು ಆಗಲೇ ಬೇಡವೆನ್ನಲು ಆರಂಭಿಸಿದ್ದಾರೆ. ನಾವು ಕಡೂರಿನಿಂದ ವಿಜಯವಾಡದ ಕಡೆಗೆ ಹೋಗುವ ರೈಲುಗಳ ವೇಳೆಯನ್ನು ವಿಚಾರಿಸುತ್ತಿದ್ದೇವೆ.